ಕಮೋಡ್ ಬುಡದಲ್ಲಿ ತೇವ, ಕೆಳಗಿನ ಮನೆಗೆ ಸೋರಿಕೆ: ಟೈಲ್ಸ್ ಒಡೆಸಲೇಬೇಕಾ?

ಪ್ರಶ್ನೆ, ಡೊಂಬಿವಿಲಿಯಿಂದ:

ನಮಸ್ಕಾರ. ನಮ್ಮದು ಹಳೇ ಬಿಲ್ಡಿಂಗ್, ಮೂರನೇ ಮಹಡಿ. ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗ್‌ನಲ್ಲಿ ಒದ್ದೆ ಕಲೆ ಬಿದ್ದು ಬಣ್ಣ ಉಬ್ಬಿ ಉದುರುತ್ತಿದೆ. ನಮ್ಮಲ್ಲಿ ಕಮೋಡ್ ಬುಡ ಯಾವಾಗಲೂ ತೇವ. ಪ್ಲಂಬರ್ ಬಂದವನು ಬಾಗಿಲಲ್ಲೇ ನಿಂತು ನೋಡಿ, ಎಲ್ಲ ಒಡೆದು ವಾಟರ್‌ಪ್ರೂಫಿಂಗ್ ಮಾಡಬೇಕು ಅಂದ. ಮನೆಯಲ್ಲಿರುವುದು ಒಂದೇ ಟಾಯ್ಲೆಟ್, ಅಮ್ಮನಿಗೆ ಮಂಡಿ ನೋವು. ಒಡೆಯುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ನಾವೇ ಪತ್ತೆ ಮಾಡಬಹುದಾ? ಖರ್ಚು ಸೊಸೈಟಿದಾ, ನಮ್ಮದಾ?

ಉತ್ತರ, ಮುಲುಂಡ್‌ನಿಂದ:

ದಯವಿಟ್ಟು ಈಗಲೇ ಒಡೆಸಬೇಡಿ ಸಾರ್. ಮೊದಲು ಕಮೋಡ್ ಸುತ್ತ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ನಲ್ಲಿ), ಫ್ಲಶ್ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪ್, ಜೆಟ್ ಸ್ಪ್ರೇ, ಟ್ಯಾಂಕಿನ ಕೆಳಗಿನ ನಟ್ಟು, ಹೀಗೆ ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿಬಿಡಿ. ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಯಾವುದು ಒದ್ದೆಯಾಯಿತೋ ಅಲ್ಲೇ ತೊಂದರೆ. ಅದು ವಾಷರ್ ಅಥವಾ ಟೆಫ್ಲಾನ್ ಟೇಪಿನಲ್ಲಿ ಮುಗಿಯುವ ಕೆಲಸ.

ಎಲ್ಲ ಒಣಗಿದ್ದರೆ, ಕೇಸರಿಬಾತಿಗೆ ಹಾಕುವ ಬಣ್ಣವನ್ನು ಜಾಸ್ತಿಯಾಗಿಯೇ ಟ್ಯಾಂಕಿಗೆ ಕಲಸಿ ಸುಮ್ನೆ ಕಾಯಿರಿ. ಫ್ಲಶ್ ಮಾಡದೆಯೇ ಬಣ್ಣ ಕಮೋಡಿಗೆ ಇಳಿದರೆ ಒಳಗಿನ ವಾಲ್ವ್ ಸವೆದಿದೆ ಅಂತ ಅರ್ಥ. ಅದರಿಂದ ನೀರು ಪೋಲಾಗುತ್ತದೆ, ಆದರೆ ಕೆಳಗಿನ ಮನೆಗೆ ಸೋರುವುದಕ್ಕೆ ಅದೊಂದೇ ಕಾರಣ ಆಗಲಾರದು. ಆಮೇಲೆ ಫ್ಲಶ್ ಮಾಡಿ. ಬುಡದಲ್ಲಿ ಬಣ್ಣ ಒಸರಿದರೆ ಕಮೋಡ್ ಪೈಪಿಗೆ ಕೂರುವ ಜಾಯಿಂಟೇ ಸೋರುತ್ತಿದೆ.

ಉತ್ತರ, ಪುಣೆಯಿಂದ:

ಮೇಲಿನವರು ಹೇಳಿದ್ದು ಸರಿ, ಆದರೆ ಅವಸರ ಬೇಡ. ಬಾತ್‌ರೂಮ್ ಸ್ಲ್ಯಾಬ್ ತಗ್ಗಾಗಿದ್ದು ಇಟ್ಟಿಗೆ ಚೂರು ತುಂಬಿದ್ದರೆ, ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಲೀಕ್ ನಿಂತರೂ ಕೆಳಗೆ ದಿನಗಟ್ಟಲೆ ತೊಟ್ಟಿಕ್ಕುತ್ತದೆ, ಜನ ರಿಪೇರಿ ಆಗಿಲ್ಲ ಅಂದುಕೊಂಡು ಮತ್ತೆ ಒಡೆಸುತ್ತಾರೆ! ನೆಲವನ್ನೂ ಬೇರೆಯಾಗಿ ಪರೀಕ್ಷಿಸಿ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ತೂತಿನ) ಬಾಯಿಗೆ ಬಟ್ಟೆ ಬಿಗಿದು, ಹೊಸ್ತಿಲು ದಾಟದ ಹಾಗೆ ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ನೆಲ ಸೋರಿದರೆ ಕೆಳಗೆ ಕಲೆ ಹರಡುತ್ತದೆ, ಹಾಗಾಗಿ ಅವರಿಗೆ ಮೊದಲೇ ಹೇಳಿಡಿ. ಕೆಲವು ಹಳೇ ಬಿಲ್ಡಿಂಗ್‌ಗಳಲ್ಲಿ ಟ್ರ್ಯಾಪ್ ಸ್ಲ್ಯಾಬಿನ ಕೆಳಗೇ ನೇತಾಡುತ್ತಿರುತ್ತದೆ, ಅವರ ಮನೆಯಿಂದಲೇ ಜಾಯಿಂಟ್ ಕಣ್ಣಿಗೆ ಕಾಣಬಹುದು.

ಉತ್ತರ, ಠಾಣೆಯಿಂದ:

ಖರ್ಚಿನ ವಿಷಯ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಟಾಯ್ಲೆಟ್, ಸಿಂಕ್‌ನಂಥ ಮನೆಯೊಳಗಿನ ಸೋರಿಕೆ ಆಯಾ ಸದಸ್ಯರದು. ಹೊರಗಿನ ಕಾಮನ್ ಪೈಪ್, ಡ್ರೈನೇಜ್ ಲೈನ್ ಲೀಕ್ ಆದರೆ ಸೊಸೈಟಿದು. ಪರೀಕ್ಷೆ ಮಾಡುವಾಗ ಕಮಿಟಿಯವರೊಬ್ಬರು, ಕೆಳಗಿನ ಮನೆಯವರು ಇಬ್ಬರೂ ಎದುರಿಗಿರಲಿ. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಜಗಳ ತಪ್ಪುತ್ತದೆ.

ಡೊಂಬಿವಿಲಿಯಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಶ್ಯೂ ಎಲ್ಲ ಒಣಗಿಯೇ ಇತ್ತು. ನಹಾನಿ ಕಟ್ಟಿ ನೀರು ನಿಲ್ಲಿಸಿದಾಗ ಕೆಳಗಿನ ಕಲೆ ಹರಡಲಿಲ್ಲ. ಬಣ್ಣ ಹಾಕಿ ಫ್ಲಶ್ ಮಾಡಿದಾಗ ಕಮೋಡಿನ ಹಿಂಬದಿ, ವೈಟ್ ಸಿಮೆಂಟ್ ಬಿರುಕಿನಲ್ಲಿ ಕೇಸರಿ ಗೆರೆ ಸಣ್ಣಗೆ ಒಸರಿತು. ಈಗ ಏನು ಹೇಳಿ ಮಾಡಿಸಲಿ?

ಮುಲುಂಡ್‌ನಿಂದ:

ಬಿರುಕಿನ ಮೇಲೆ ಮತ್ತೆ ವೈಟ್ ಸಿಮೆಂಟ್ ಮೆತ್ತಲು ಬಿಡಬೇಡಿ. ನೀರು ಹೊರಗೆ ಕಾಣುವುದಿಲ್ಲ ಅಷ್ಟೇ, ಒಳಗೆ ಇಳಿಯುತ್ತಲೇ ಇರುತ್ತದೆ. ಕಮೋಡ್ ಎತ್ತಿಸಿ, ಪೈಪಿನ ಬಾಯಿ ಒಡೆದಿದೆಯಾ ನೋಡಿ, ರಬ್ಬರ್ ಸೀಲ್ ಇರುವ ಹೊಸ ಪ್ಯಾನ್ ಕನೆಕ್ಟರ್ (ಕಮೋಡನ್ನು ಪೈಪಿಗೆ ಜೋಡಿಸುವ ತುಂಡು) ಹಾಕಿಸಿ. ಕೂರಿಸಿದ ಮೇಲೆ ಅಲುಗಾಡಬಾರದು, ಅಲುಗಾಡಿದರೆ ಸೀಲ್ ಮತ್ತೆ ಬಿಡುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚಿ 24 ಗಂಟೆ ಒಣಗಲು ಬಿಡಬೇಕು. ಅವತ್ತೊಂದು ದಿನ ಅಮ್ಮನನ್ನು ನೆಂಟರ ಮನೆಗೆ ಕಳಿಸಿ. ಕೆಳಗಿನವರ ಸೀಲಿಂಗ್ ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹೊಡೆಸಿಕೊಡಿ.