ಹೊಯಿಗೆಯಲ್ಲಿ ಬದುಕುವ ಶಿಲೀಂಧ್ರಕ್ಕೆ ಯಾವ ಪದ?

ಗೆಳೆಯರೇ,

ಕಡಲತಡಿಯ ಮರಳು ದಿಬ್ಬಗಳಲ್ಲಿ ಹೊಸ ಶಿಲೀಂಧ್ರಗಳನ್ನು ಹುಡುಕಿ ಹೆಸರಿಡುವ ಕೆಲಸದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಅಣಬೆ ಅಂದರೆ ಕೊಡೆ ನೆನಪಾಗುತ್ತದೆ. ಬೂಷ್ಟು ಅಂದರೆ ಹಳಸಿದ ಬ್ರೆಡ್ಡು, ಮಳೆಗಾಲದ ಚಪ್ಪಲಿ. ಮರಳಿನಲ್ಲಿ ಬದುಕುವ ಕೊರೊಲೊಸ್ಪೊರ ಮ್ಯಾರಿಟಿಮ ಅನ್ನುವ ಶಿಲೀಂಧ್ರ ಈ ಎರಡರಂತೆಯೂ ಇಲ್ಲ. ಬೀಜಕಣ ತುಂಬಿದ ಅದರ ಕರೀ ಗುಂಡು ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಮರಳಿನ ಕಣಕ್ಕೋ ಚಿಪ್ಪಿನ ಚೂರಿಗೋ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಬೀಜಕಣಗಳಿಗೆ ತುದಿಯಲ್ಲಿ ಮುಳ್ಳು, ನಡುವಿನಲ್ಲಿ ತೆಳು ಎಳೆಗಳು. ಹಾಗಾಗಿ ಅಲೆಯ ನೊರೆಯಲ್ಲಿ ಸಿಕ್ಕಿಕೊಂಡು ತೇಲುತ್ತವೆ. ಹುಡುಕುವವರು ದಡದ ನೊರೆಯನ್ನೇ ಬಾಟಲಿಗೆ ತುಂಬಿಕೊಂಡು ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ಇದಕ್ಕೇ. ಎಷ್ಟು ಚೆಂದದ ಉಪಾಯ ಅಲ್ವಾ!

ಇಂಥವಕ್ಕೆ 'ಮರಳುವಾಸಿ' ಅನ್ನಬಹುದು. ಆದರೆ ಅದನ್ನು ಓದಿದವರಿಗೆ ಮರಳಿ ಬರುವುದು ನೆನಪಾದರೆ ಕಷ್ಟ. ಕರಾವಳಿಯಲ್ಲಿ ಮರಳಿಗೆ ಹೊಯಿಗೆ ಅನ್ನುತ್ತಾರೆ, ಮಂಗಳೂರಿನ ಹೊಯಿಗೆ ಬಜಾರ್ ನಿಮಗೆ ಗೊತ್ತೇ ಇದೆ. ನನಗೆ 'ಹೊಯಿಗೆ ಶಿಲೀಂಧ್ರ' ಹಿಡಿಸಿದೆ. ಅರಿಸಮಾಸ ಅನ್ನುವವರು ಇದ್ದೇ ಇರುತ್ತಾರೆ. ಬಾಯಿಗೆ ಸಲೀಸಾಗಿ ಬರುವುದಾದರೆ ಅದು ದೊಡ್ಡ ದೋಷ ಅಂತ ನನಗನ್ನಿಸುವುದಿಲ್ಲ. ಬಯಲುಸೀಮೆಯ ಮಕ್ಕಳಿಗೆ ಹೊಯಿಗೆ ತಿಳಿದೀತೇ ಅನ್ನುವುದೇ ನನ್ನ ಚಿಂತೆ.

ಮರಳು ದಿಬ್ಬದ ಮೇಲೆ ಹಬ್ಬುವ ಅಡುಂಬು ಬಳ್ಳಿಯ ಬೇರಿನೊಳಗೆ ಇರುವ ಶಿಲೀಂಧ್ರಗಳದ್ದು ಬೇರೆಯೇ ಬದುಕು. ಅವು ಬಳ್ಳಿಗೆ ರಂಜಕ ಒದಗಿಸಿ, ಬದಲಿಗೆ ಸಕ್ಕರೆ ಪಡೆಯುತ್ತವೆ. ಮರಳನ್ನು ನೀರಿನಲ್ಲಿ ಕಲಸಿ ಜರಡಿ ಹಿಡಿದರೆ ಅವುಗಳ ಬೀಜಕಣ ಸಿಗುತ್ತವೆ. ಮಂಗಳೂರು ವಿಶ್ವವಿದ್ಯಾಲಯದವರು ನಮ್ಮ ಕರಾವಳಿಯ ದಿಬ್ಬಗಳಲ್ಲೂ ಇವನ್ನು ಅಧ್ಯಯನ ಮಾಡಿದ್ದಾರೆ. ಇವಕ್ಕೆ 'ಬೇರು ಶಿಲೀಂಧ್ರ' ಸಾಕು ಅನ್ನಿಸುತ್ತದೆ.

ಇನ್ನೊಂದು, ಪತ್ರಿಕೆಗಳು ಸುಮ್ನೆ 'ಹೊಸ ತಳಿ ಪತ್ತೆ' ಅಂತ ಬರೆದುಬಿಡುತ್ತವೆ. ತಳಿ ಅಂದರೆ ಭತ್ತದ್ದು, ದನದ್ದು, ಮನುಷ್ಯ ಆರಿಸಿ ಬೆಳೆಸಿದ್ದು. ಕಾಡಿನಲ್ಲೋ ಕಡಲತಡಿಯಲ್ಲೋ ಸಿಕ್ಕ ಜೀವಿಗೆ ಅದು ಖಂಡಿತ ಸಲ್ಲದು. ನಾನು 'ಪ್ರಭೇದ' (ಸ್ಪೀಶೀಸ್) ಬಳಸುತ್ತಿದ್ದೇನೆ, ಅದರ ಮೇಲಿನ ಹಂತಕ್ಕೆ 'ಕುಲ' (ಜೀನಸ್). 'ಜಾತಿ'ಯನ್ನು ಕೆಲವರು ಮೊದಲನೆಯದಕ್ಕೆ, ಕೆಲವರು ಎರಡನೆಯದಕ್ಕೆ ಬಳಸುವುದರಿಂದ ಪೂರ್ತಿ ಬಿಟ್ಟಿದ್ದೇನೆ.

ಕೊನೆಯದೇ ಜಾಸ್ತಿ ಕಷ್ಟದ್ದು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಒಣಗಿಸಿದ ನಮೂನೆಯನ್ನು ಸಂಗ್ರಹಾಲಯದಲ್ಲಿ ಇಡುತ್ತಾರೆ. ಹೆಸರು ಆ ನಮೂನೆಗೇ ಕಟ್ಟುಬಿದ್ದಿರುತ್ತದೆ, ಮುಂದೆ ತಕರಾರು ಬಂದರೆ ಅದನ್ನೇ ತೆಗೆದು ನೋಡಬೇಕು. 2013ರಿಂದ ಹೆಸರನ್ನು ನೋಂದಾಯಿಸಿ ಸಂಖ್ಯೆ ಪಡೆಯುವುದೂ ಕಡ್ಡಾಯ. ಈ ನಮೂನೆಗೆ 'ಮೂಲಮಾದರಿ' ಅನ್ನೋಣವೆಂದರೆ ಆ ಪದ ಯಂತ್ರಗಳ ಕಡೆ ಹೋಗಿಬಿಟ್ಟಿದೆ. 'ಆಧಾರ ನಮೂನೆ' ಹೇಗೆ?

ಉಡುಪಿ, ಕುಂದಾಪುರ, ಕಾರವಾರದ ಕಡೆಯವರು ಮರಳು ದಿಬ್ಬಕ್ಕೆ ಮನೆಯಲ್ಲಿ ಬೇರೆ ಪದ ಬಳಸುತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.