‘ಸಾಮಾನ್ಯ ಆಟಗಾರ’ ಎಂಬ ಮಾತಿಗೆ ಬದಲಿ ಪದ ಯಾವುದು?

ಮಾನ್ಯರೇ,

2019ರ ಆಗಸ್ಟಿನಲ್ಲಿ ಅಮೆರಿಕದ ವಿನ್‌ಸ್ಟನ್-ಸೇಲಂ ಟೆನಿಸ್ ಟೂರ್ನಿಯಲ್ಲಿ ದಕ್ಷಿಣ ಕೊರಿಯಾದ ಲೀ ಡಕ್-ಹೀ ಅವರು ಸ್ವಿಟ್ಜರ್ಲೆಂಡಿನ ಹೆನ್ರಿ ಲಾಕ್ಸೊನೆನ್ ಅವರನ್ನು 7-6, 6-1ರಿಂದ ಸೋಲಿಸಿದರು. ಹುಟ್ಟಿನಿಂದಲೇ ಕಿವಿ ಕೇಳದ ಲೀ, ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಟೂರ್ನಿಯೊಂದರ ಮುಖ್ಯ ಸುತ್ತಿನಲ್ಲಿ ಪಂದ್ಯ ಗೆದ್ದ ಮೊದಲ ಕಿವುಡ ಆಟಗಾರ. ಈ ಪಂದ್ಯದ ಬಗ್ಗೆ ಬರೆಯಲು ಕುಳಿತಾಗ ಲೀ ಅವರನ್ನು ಸೂಚಿಸುವ ಪದ ನನಗೆ ಸುಲಭವಾಗಿ ಸಿಕ್ಕಿತು; ಕಿವುಡರಲ್ಲದ ಅವರ ಎದುರಾಳಿಯನ್ನು ಸೂಚಿಸುವ ಪದ ಮಾತ್ರ ಸಿಗಲಿಲ್ಲ.

ರೂಢಿಯಲ್ಲಿರುವುದು ‘ಸಾಮಾನ್ಯ ಆಟಗಾರ’. ಆದರೆ ಕನ್ನಡದಲ್ಲಿ ಸಾಮಾನ್ಯ ಎಂದರೆ ಸಾಧಾರಣ ಎಂದೂ ಆಗುತ್ತದೆ. ‘ಅವನೇನು ಸಾಮಾನ್ಯನಲ್ಲ’ ಎಂದು ನಾವು ಹೊಗಳುವುದು ಅದೇ ಅರ್ಥದಲ್ಲಿ. ಹೀಗಾಗಿ ಈ ಮಾತು ಒಬ್ಬರ ಆಟವನ್ನು ಸಾಧಾರಣವೆಂದು ಸೂಚಿಸುತ್ತ, ಇನ್ನೊಬ್ಬರನ್ನು ಸಾಮಾನ್ಯರ ಸಾಲಿನಿಂದಲೇ ಹೊರಗಿಡುತ್ತದೆ. ‘ಸದೃಢ’ ಎಂಬುದು ಇನ್ನೂ ತಪ್ಪು. ಗಾಲಿಕುರ್ಚಿ ಟೆನಿಸ್‌ನಲ್ಲಿ 2003ರಿಂದ ನಿವೃತ್ತಿಯವರೆಗೆ ಸತತವಾಗಿ 470 ಸಿಂಗಲ್ಸ್ ಪಂದ್ಯ ಗೆದ್ದ ನೆದರ್ಲೆಂಡ್ಸ್‌ನ ಎಸ್ತರ್ ವರ್ಗೀರ್ ಅವರನ್ನು ದೃಢಕಾಯರಲ್ಲ ಎಂದು ಹೇಳಲು ಯಾರಿಗೆ ಮನಸ್ಸು ಬಂದೀತು? ‘ಸಕಲಾಂಗ’ ಎಂಬುದೂ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಲೀ ಅವರ ಅಂಗಗಳೆಲ್ಲವೂ ಇವೆ. (ಕಚೇರಿಗಳಲ್ಲಿ ಬಳಕೆಯಾಗುವ ‘ವಿಕಲಚೇತನ’ವೂ ನನಗೆ ಒಪ್ಪಿಗೆಯಿಲ್ಲ, ಕಿವಿ ಕೇಳದ ಮಾತ್ರಕ್ಕೆ ಚೇತನವೇ ವಿಕಲವಾಗುವುದು ಹೇಗೆ?)

ಈ ವಿಷಯದಲ್ಲಿ ಟೆನಿಸ್ ನಿಯಮಾವಳಿಯ ಭಾಷೆ ನಮಗೆ ದಾರಿ ತೋರಬಹುದೆಂದು ನನಗೆ ಅನ್ನಿಸುತ್ತದೆ. ಒಂದೇ ತೋಳನ್ನು ಬಳಸಬಲ್ಲ ಆಟಗಾರರು ಸರ್ವ್ ಮಾಡುವಾಗ ಚೆಂಡನ್ನು ರಾಕೆಟ್‌ನಿಂದಲೇ ಚಿಮ್ಮಿಸಬಹುದು ಎಂದು ಅದು ಹೇಳುತ್ತದೆ. ಯುದ್ಧದಲ್ಲಿ ಎಡಗೈ ಕಳೆದುಕೊಂಡು, 1947ರ ವಿಂಬಲ್ಡನ್‌ನಲ್ಲಿ ನಾಲ್ಕನೆಯ ಸುತ್ತಿನವರೆಗೆ ಹೋದ ಆಸ್ಟ್ರಿಯಾದ ಹಾನ್ಸ್ ರೆಡಲ್ ಅವರಂಥವರಿಗೆ ಒಪ್ಪುವ ನಿಯಮವಿದು. ಇಲ್ಲಿ ವ್ಯಕ್ತಿಗೆ ಹಣೆಪಟ್ಟಿಯಿಲ್ಲ; ಆಟಕ್ಕೆ ಸಂಬಂಧಪಟ್ಟ ಸಂಗತಿಯಷ್ಟೇ ಇದೆ. ಅದೇ ರೀತಿ ಗಾಲಿಕುರ್ಚಿಯಲ್ಲಿ ಆಡುವವರೂ ನಿಂತು ಆಡುವವರೂ ಎದುರುಬದುರಾದರೆ, ಮೊದಲಿನವರಿಗೆ ಚೆಂಡು ಎರಡು ಸಲ ಪುಟಿಯುವವರೆಗೆ ಅವಕಾಶವಿದೆ, ಎರಡನೆಯವರಿಗೆ ಒಂದೇ ಸಲ. ಆದ್ದರಿಂದ ಆ ಸಂದರ್ಭಕ್ಕೆ ‘ನಿಂತು ಆಡುವವರು’ ಎಂದೂ, ಲೀ ಅವರ ಪಂದ್ಯಕ್ಕೆ ‘ಕಿವಿ ಕೇಳುವ ಎದುರಾಳಿ’ ಎಂದೂ ಬರೆಯುವುದು ನನ್ನ ಸಲಹೆ. ಎರಡನೆಯದು ಓದುಗರಿಗೆ ಒಂದು ವಿಷಯವನ್ನೂ ತಿಳಿಸುತ್ತದೆ: ರಾಕೆಟ್‌ಗೆ ಚೆಂಡು ತಾಗುವ ಸದ್ದಿನಿಂದಲೇ ಹೊಡೆತದ ವೇಗವನ್ನೂ ತಿರುವನ್ನೂ ಅಂದಾಜಿಸುವ ಅನುಕೂಲ ಲಾಕ್ಸೊನೆನ್ ಅವರಿಗಿತ್ತು, ಲೀ ಅವರಿಗಿರಲಿಲ್ಲ.

ಪ್ರೇಕ್ಷಕರ ಬೆಂಬಲವನ್ನು ವರ್ಣಿಸುವಾಗಲೂ ಇಂಥದೇ ತೊಡಕು ಎದುರಾಯಿತು. ಜಯಘೋಷ, ಹರ್ಷೋದ್ಗಾರ, ಕೇಕೆ, ಚಪ್ಪಾಳೆ ಎಲ್ಲವೂ ಸದ್ದಿನ ಪದಗಳು. ಕಿವುಡ ಸಮುದಾಯದಲ್ಲಿ ಎರಡೂ ಕೈಗಳನ್ನು ಮೇಲೆತ್ತಿ ಅಂಗೈಗಳನ್ನು ಅಲುಗಿಸುವುದೇ ಮೆಚ್ಚುಗೆಯ ರೀತಿ. ಅದನ್ನು ಈ ಯಾವ ಪದವೂ ಒಳಗೊಳ್ಳುವುದಿಲ್ಲ. ಕೊನೆಗೆ ‘ಹುರಿದುಂಬಿಸು’ ಎಂಬ ನಮ್ಮದೇ ಕ್ರಿಯಾಪದ ನೆನಪಾಗಿ ಬಹಳ ಸಂತೋಷವಾಯಿತು. ಹುರಿಯನ್ನು, ಅಂದರೆ ಬಲವನ್ನು, ತುಂಬಿಸುವುದೇ ಅದರ ಅರ್ಥ. ಅದರಲ್ಲಿ ಸದ್ದಿನ ಸುಳಿವಿಲ್ಲ. ಅನುಕಂಪದ ಛಾಯೆಯೂ ಇಲ್ಲ. ಮರುಕದಿಂದ ಯಾರನ್ನೂ ಹುರಿದುಂಬಿಸಲಾಗದು. ಎದುರಿಗಿರುವವರು ಗೆಲ್ಲಬಲ್ಲರು ಎಂಬ ನಂಬಿಕೆ ಬೇಕು.

ಈಗ ಉಳಿದಿರುವುದು ನನ್ನ ಬರಹದ ಶೀರ್ಷಿಕೆಯ ತೊಂದರೆ. ಬೇರೆ ಬೇರೆ ಬಗೆಯ ಅಂಗವೈಕಲ್ಯವಿರುವ ಆಟಗಾರರು ಅಂಥದ್ದೇನೂ ಇಲ್ಲದವರ ಎದುರು ಆಡುವುದನ್ನು ಒಟ್ಟಾಗಿ ಹೇಳುವಾಗ ‘ನಿಂತು ಆಡುವವರು’ ಎಂದರೂ ಸಾಲದು, ‘ಕಿವಿ ಕೇಳುವವರು’ ಎಂದರೂ ಸಾಲದು. ಸದ್ಯಕ್ಕೆ ‘ಅಂಗವಿಕಲರಲ್ಲದವರು’ ಎಂದು ಬರೆದಿದ್ದೇನೆ. ಉದ್ದವಾದರೂ ಯಾರನ್ನೂ ಮೇಲೆ ಕೂರಿಸದ ಮಾತದು. ‘ಅವಿಕಲವಾಗಿ’ ಎಂಬ ಬಳಕೆ ನಮ್ಮಲ್ಲಿ ಇರುವುದರಿಂದ ‘ಅವಿಕಲಾಂಗ’ ಎಂಬ ಪದವನ್ನೂ ಯೋಚಿಸಿದೆ. ಓದುವಾಗ ‘ವಿಕಲಾಂಗ’ದೊಡನೆ ಗೊಂದಲವಾದೀತೆಂಬ ಅಂಜಿಕೆಯಿಂದ ಬಿಟ್ಟೆ. ಇದಕ್ಕಿಂತ ಚಿಕ್ಕದಾದ, ಆಡುಮಾತಿಗೂ ಒಗ್ಗುವ ಪದವನ್ನು ತಾವು ಬಳಸಿದ್ದರೆ ಅಥವಾ ಕೇಳಿದ್ದರೆ ದಯವಿಟ್ಟು ತಿಳಿಸಿ. ಕಿವುಡರು, ಗಾಲಿಕುರ್ಚಿ ಬಳಸುವವರು ತಮ್ಮ ನಡುವೆ ಇತರರನ್ನು ಏನೆಂದು ಕರೆಯುತ್ತಾರೆ ಎಂಬುದು ಗೊತ್ತಿದ್ದರೆ ಅದನ್ನು ಮೊದಲು ತಿಳಿಸಬೇಕಾಗಿ ಕೋರಿಕೆ.