ಮಕ್ಕಳನ್ನು ಕಟ್ಟಿಕೊಂಡು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಬಹುದಾ?

ವಾಸ್ಕೋ_ಅಮ್ಮ
ನಾವು ಧಾರವಾಡದವರು, ಈಗ ಗೋವಾದ ವಾಸ್ಕೋದಲ್ಲಿದ್ದೇವೆ. ಮನೆಯವರು ಮರ್ಚೆಂಟ್ ನೇವಿಯಲ್ಲಿದ್ದು ಬಿಟ್ಟವರು. ಅವರ ಹಳೇ ಕ್ಯಾಪ್ಟನ್ ಒಬ್ಬರು ಈಗ 44 ಅಡಿಯ ಯಾಟ್‌ನಲ್ಲೇ ಒಬ್ಬರೇ ಇರುತ್ತಾರೆ. ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೊರಡುತ್ತಾರಂತೆ, ಸುಮಾರು 2,700 ನಾಟಿಕಲ್ ಮೈಲಿ, ನೀವೂ ಮಕ್ಕಳನ್ನು ಕರೆದುಕೊಂಡು ಬನ್ನಿ ಅಂದಿದ್ದಾರೆ. ಮಗಳಿಗೆ 9, ಮಗನಿಗೆ 5. ಮನೆಯವರಿಗೆ ಅವತ್ತಿನಿಂದ ಖುಷಿಗೆ ನಿದ್ದೆ ಇಲ್ಲ. ನನಗೂ ಇಲ್ಲ, ಭಯಕ್ಕೆ. ಅತ್ತೆ ಅಂತೂ "ಹೊಳೆ ದಾಟೋ ದಿವಾರ್ ಫೆರಿ ಹತ್ತಿದರೇ ಮುಖ ಸಪ್ಪಗಾಗುತ್ತೆ ನಿನಗೆ, ನೀನು ಸಮುದ್ರ ದಾಟ್ತೀಯಾ" ಅಂತ ನಗುತ್ತಾರೆ. ಊಟ, ಮಕ್ಕಳ ಪಾಠ, ಬಿರುಗಾಳಿ, ಇದೆಲ್ಲ ಹೇಗೆ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ, ಸುಮ್ನೆ ಹೆದರಿಸಬೇಡಿ.

ಪುಣೆ_ಗಾಳಿ
ಅಕ್ಕಾ, ನಾವು ಇದೇ ದಾರಿಯಲ್ಲಿ ಹೋಗಿದ್ದೆವು. ನಾನು, ಹೆಂಡತಿ, ಏಳು ವರ್ಷದ ಮಗಳು, ದೋಣಿಯ ಯಜಮಾನ ಗೆಳೆಯ. 22 ದಿನ ಆಯಿತು.

ಬಿರುಗಾಳಿಗೆ ಅಷ್ಟು ಹೆದರಬೇಡಿ. ಜೂನ್‌ನಿಂದ ನವೆಂಬರ್‌ವರೆಗೆ ಆ ಕಡೆ ಚಂಡಮಾರುತದ ಕಾಲ, ಅದು ಮುಗಿಯುತ್ತಾ ಬಂದ ಮೇಲೇ ಹೆಚ್ಚಿನವರು ಹೊರಡುತ್ತಾರೆ. ಗಾಳಿ ಹೆಚ್ಚಾಗಿ ಬೆನ್ನ ಹಿಂದಿನಿಂದಲೇ ಬೀಸುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಬೆನ್ನ ಗಾಳಿಗೆ ದೋಣಿ ಹಗಲೂ ರಾತ್ರಿ ಎಡಕ್ಕೆ ಬಲಕ್ಕೆ ಉರುಳಾಡುತ್ತಲೇ ಇರುತ್ತದೆ. ಮಲಗಿದವರು ಬೀಳದ ಹಾಗೆ ಹಾಸಿಗೆಯ ಅಂಚಿಗೆ ಬಟ್ಟೆ ಎತ್ತಿ ಕಟ್ಟುತ್ತಾರೆ. ಒಲೆಯೂ ತೊಟ್ಟಿಲ ಹಾಗೆ ತೂಗುತ್ತದೆ. ಕುಕ್ಕರ್ ಒಯ್ಯಿರಿ, ಉರುಳಿ ಬಿದ್ದರೂ ಮುಚ್ಚಳ ಬಿಚ್ಚುವುದಿಲ್ಲ. ಮೊದಲ ಮೂರು ದಿನ ಎಲ್ಲರಿಗೂ ವಾಂತಿ. ಆಮೇಲೆ ಮಗಳು ನಮಗಿಂತ ಬೇಗ ಸರಿಹೋದಳು, ಬೆಳಿಗ್ಗೆ ಎದ್ದವಳೇ ಡೆಕ್ ಮೇಲೆ ಬಿದ್ದ ಹಾರುವ ಮೀನು ಎಣಿಸುತ್ತಿದ್ದಳು. ಎದೆಗೆ ಹಾರ್ನೆಸ್ ಪಟ್ಟಿ ಹಾಕಿ ದೋಣಿಗೆ ಹುಕ್ಕು ಸಿಕ್ಕಿಸಿದ ಟಕ್ ಸದ್ದು ಕೇಳದೆ ಅವಳನ್ನು ಮೇಲಕ್ಕೆ ಬಿಡುತ್ತಿರಲಿಲ್ಲ. ಪಾಠ ಬೆಳಿಗ್ಗೆ ಒಂದು ಗಂಟೆ, ಅದೂ ದೋಣಿಯ ಉರುಳಾಟ ಬಿಟ್ಟರೆ. ಪಶ್ಚಿಮಕ್ಕೆ ಹೋಗುತ್ತಾ ಗಡಿಯಾರವನ್ನು ಒಟ್ಟು ನಾಲ್ಕು ಗಂಟೆ ಹಿಂದಕ್ಕೆ ತಿರುಗಿಸಬೇಕು. ತಿರುಗಿಸಿದ ದಿನ ಒಂದು ಗಂಟೆ ಜಾಸ್ತಿ ಸಿಕ್ಕಿತು, ಒಂದು ಕಥೆ ಜಾಸ್ತಿ ಹೇಳು ಅಂತ ಜಗಳ.

ನೀವು ಕೇಳದೇ ಇರುವ ವಿಷಯ ಬೇರೆ ಇದೆ. ನಿದ್ದೆ. ರಾತ್ರಿ ಮೂರು ಮೂರು ಗಂಟೆಯ ವಾಚ್, ಅಂದರೆ ಕಾವಲಿನ ಸರದಿ. ಚುಕ್ಕಾಣಿಯನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ, ಆದರೆ ಹಡಗು ಬರ್ತಿದೆಯಾ ಅಂತ ನೋಡೋಕೆ ಒಬ್ಬರು ಎದ್ದಿರಲೇಬೇಕು. ಹನ್ನೆರಡರಿಂದ ಮೂರು ಹೆಂಡತಿಯದು, ಮೂರರಿಂದ ಆರು ನನ್ನದು. ಅವಳು ಬಂದು ಭುಜ ಅಲ್ಲಾಡಿಸಿ, ಚಹಾ ಕೈಗಿಟ್ಟು, "ಬಲಗಡೆ ಒಂದು ಹಡಗಿದೆ, ದೂರ ಇದೆ" ಅನ್ನುತ್ತಿದ್ದಳು. ನಾನು ಬಿಟ್ಟೆದ್ದ ಬೆಚ್ಚನೆ ಹಾಸಿಗೆಯಲ್ಲಿ ಅವಳು ಮಲಗುತ್ತಿದ್ದಳು. ಎಷ್ಟೋ ದಿನ ನಮ್ಮಿಬ್ಬರ ಮಾತು ಅಷ್ಟೇ. ನನ್ನ ವಾಚ್ ಮುಗಿದು ಮಲಗೋಣ ಅನ್ನುವಷ್ಟರಲ್ಲಿ ಮಗಳು ಎದ್ದಿರುತ್ತಿದ್ದಳು. ನಾವು ಜಗಳ ಆಡಿದ್ದೆಲ್ಲ ಅದಕ್ಕೇ, ಒಂದು ಸಲವೂ ಅಲೆಗಳಿಗಲ್ಲ.

ಕ್ಯಾಪ್ಟನ್ ಒಬ್ಬರೇ ಅಂದಿರಲ್ಲ, ಹಾಗಾದರೆ ನೀವು ಅತಿಥಿ ಅಲ್ಲ ಅಕ್ಕಾ. ಮೂರನೇ ವಾಚ್ ನೀವೇ. ಇದನ್ನು ಮನೆಯವರು ನಿಮಗೆ ಹೇಳಿದ್ದಾರಾ?

ಮಾಟುಂಗಾ_ಮಾವ
ಹೊರಡೋ ಮೊದಲು ನಾಲ್ಕೂ ಜನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ನಡು ಸಮುದ್ರಕ್ಕೆ ಹೆಲಿಕಾಪ್ಟರ್ ಬರುವುದಿಲ್ಲ, ಹತ್ತಿರದಲ್ಲಿ ಹೋಗುವ ಹಡಗೇ ಗತಿ. ಇನ್ನೊಂದು, ಯಾರಾದರೂ ಪ್ರೀತಿಯಿಂದ ಸ್ಯಾಟಲೈಟ್ ಫೋನ್ ಕೊಟ್ಟರೆ ವಾಪಸ್ ಬರುವಾಗ ಬ್ಯಾಗಿಗೆ ಹಾಕಿಕೊಳ್ಳಬೇಡಿ. ತುರಾಯಾ, ಇರಿಡಿಯಂ ಎಲ್ಲ ನಮ್ಮಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ಏರ್‌ಪೋರ್ಟ್‌ನಲ್ಲೇ ಹಿಡೀತಾರೆ.

ಪಣಜಿ_ಹಾಯಿ
ನಾನು ಇಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುತ್ತೇನೆ. ಅತ್ತೆಗೆ ಹೇಳಿ ಮೇಡಂ, ಆರು ಜನ ನೌಕಾಪಡೆ ಹೆಣ್ಣುಮಕ್ಕಳು ಭೂಮಿ ಸುತ್ತಿ ಬಂದ ತಾರಿಣಿ ಹಾಯಿದೋಣಿಯನ್ನು ಕಟ್ಟಿದ್ದು ಅದೇ ದಿವಾರ್‌ನಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು ಮುಂದಿನ ಮೇನಲ್ಲಿ ವಾಪಸ್ ಬಂದರು. ಆದರೆ ಅವರಿಗೆ ವರ್ಷಗಟ್ಟಲೆ ತರಬೇತಿ ಇತ್ತು, ಜೊತೆಗೆ ಐದು ವರ್ಷದ ಮಗು ಇರಲಿಲ್ಲ. ಅದಕ್ಕೇ ನನ್ನ ಪ್ರಕಾರ ಮೂರು ಜನ ದೊಡ್ಡವರು ಸಾಲದು. ನಾಲ್ಕನೆಯವರು ಬಂದರೆ ಹೋಗಿ, ಇಲ್ಲದಿದ್ದರೆ ಮಗ ಹತ್ತು ದಾಟಲಿ.

ಮತ್ತೆ ನಿಮ್ಮ ಮನೆಯವರು ಓಡಿಸಿದ್ದು ದೊಡ್ಡ ಹಡಗು. ಅದರಲ್ಲಿ ಇಪ್ಪತ್ತು ವರ್ಷ ಇದ್ದವರೂ ಯಾಟ್ ಹತ್ತಿದ ಮೊದಲ ದಿನ ಬಕೆಟ್ ಹಿಡಿದಿದ್ದನ್ನು ನೋಡಿದ್ದೇನೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ನಾಲ್ಕೂ ಜನ ಎರಡು ರಾತ್ರಿ ಹೊರಗೆ ಹೋಗಿ ನೋಡಿ.

ವಾಸ್ಕೋ_ಅಮ್ಮ
ಪುಣೆಯಣ್ಣ ಕೇಳಿದ್ದನ್ನೇ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ನನ್ನ ವಾಚ್ ಎಷ್ಟು ಹೊತ್ತಿಗೆ?" ಅಂತ. ತುತ್ತು ಕೈಯಲ್ಲೇ ಉಳಿಯಿತು. "ಹನ್ನೆರಡರಿಂದ ಮೂರು" ಅಂದರು, ನನ್ನ ಮುಖ ನೋಡದೆ. ಅಂದರೆ ಇಬ್ಬರೂ ಆಗಲೇ ಮಾತಾಡಿಕೊಂಡಿದ್ದಾರೆ! ನಾಲ್ಕನೆಯವರು ಸಿಗದೆ ಟಿಕೆಟ್ ತೆಗೆಯಬೇಡಿ ಅಂದಿದ್ದೇನೆ. ಈಗ ನನ್ನ ಮೈದುನನಿಗೆ ಫೋನ್ ಹೋಗಿದೆ, ಅವನೋ ಈಜು ಬಾರದವನು. ಅಕ್ಟೋಬರ್ ಟ್ರಿಪ್‌ಗೆ ಮಾತ್ರ ಹೂಂ ಅಂದೆ. ಅತ್ತೆ ಧಾರವಾಡದಿಂದ ಖಡಕ್ ರೊಟ್ಟಿ ತರಿಸ್ತೀನಿ ಅಂತಿದ್ದಾರೆ, ಎರಡು ರಾತ್ರಿಗೆ ಐವತ್ತು!